ಪುಸ್ತಕ ಕಾಯುವವರನ್ನು ಕಾಯುವುದು ಹೇಗೆ?

ಗ್ರಂಥಾಲಯವೆಂಬ ಶಬ್ದ ಕಿವಿಗೆ ಬಿದ್ದೊಡನೆ ಯಾರಿಗೂ ರೋಗದ ನೆನಪಾಗುವುದಿಲ್ಲ. ಆಸ್ಪತ್ರೆ, ರಕ್ತಪರೀಕ್ಷೆಯ ಪ್ರಯೋಗಶಾಲೆ, ಕ್ಷೌರದ ಅಂಗಡಿ ಇವುಗಳ ಸಾಲಿಗೆ ಅದನ್ನು ತಂದು ನಿಲ್ಲಿಸುವುದು ಸರಸ್ವತೀ ಮಂದಿರಕ್ಕೆ ಬಗೆದ ಅಪಚಾರವೆಂದೇ ಕೆಲವರಿಗೆ ತೋರಬಹುದು. ಆದರೆ ಸಾರ್ವಜನಿಕರು ನಿತ್ಯವೂ ಬಂದುಹೋಗುವ ಯಾವ ಕಟ್ಟಡವೂ ಮನುಷ್ಯ ಶರೀರದ ಸಹಜವಾದ ಅವಘಡಗಳಿಗೆ ಹೊರತಾಗಿಲ್ಲ. ಬೇಸಗೆಯ ಮಧ್ಯಾಹ್ನ ಓದುತ್ತ ಕುಳಿತ ಬಾಲಕನ ಮೂಗಿನಿಂದ ರಕ್ತ ಸುರಿಯುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಮೆಟ್ಟಿಲ ಮೇಲೆ ವಯೋವೃದ್ಧರೊಬ್ಬರು ಜಾರಿ ಬಿದ್ದು ಹಣೆ ಒಡೆದುಕೊಳ್ಳುತ್ತಾರೆ. ಮಧುಮೇಹವುಳ್ಳ ಸದಸ್ಯರೊಬ್ಬರು ಊಟದ ಹೊತ್ತಿಗೆ ಶೌಚಾಲಯಕ್ಕೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡು, ಸೂಜಿಯನ್ನು ಅಲ್ಲಿಯೇ ಕಸದ ಬುಟ್ಟಿಗೆ ಹಾಕಿ ಬರುತ್ತಾರೆ. ಆ ರಕ್ತವನ್ನು ಒರೆಸುವವರಾರು, ಆ ಬುಟ್ಟಿಯನ್ನು ಬರಿದು ಮಾಡುವವರಾರು ಎಂಬ ಪ್ರಶ್ನೆಯು ಗ್ರಂಥಾಲಯಗಳ ವಾರ್ಷಿಕ ವರದಿಯಲ್ಲಿ ಸಾಮಾನ್ಯವಾಗಿ ಸ್ಥಾನ ಪಡೆಯುವುದಿಲ್ಲ.

ಠಾಣೆ ಜಿಲ್ಲೆಯ ಈ ಪಟ್ಟಣಗಳಿಗೆ ಗ್ರಂಥಾಲಯವು ಹೊಸತಲ್ಲ. 1853ರಲ್ಲಿ ಬೋರಿಬಂದರದಿಂದ ಠಾಣೆಗೂ ಮರುವರ್ಷ ಕಲ್ಯಾಣಕ್ಕೂ ರೈಲು ಬಂದಿತು. ಅದಾದ ಹತ್ತು ವರ್ಷಕ್ಕೆ, 1864ರಲ್ಲಿ, ಕಲ್ಯಾಣದ ಸಾರ್ವಜನಿಕ ವಾಚನಾಲಯ ಜನ್ಮ ತಾಳಿತು. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವು 1893ರದು. ಡೊಂಬಿವಲಿಯಂತೂ ಓದುಗರ ಊರೆಂದೇ ಹೆಸರಾದುದು. ಅಲ್ಲಿಯ ಪೈ ಫ್ರೆಂಡ್ಸ್ ಲೈಬ್ರರಿಯವರು ನಡೆಸಿದ ಪುಸ್ತಕ ವಿನಿಮಯ ಮೇಳಗಳಿಗೆ ಜನ ಚೀಲಗಟ್ಟಲೆ ಹಳೆಯ ಪುಸ್ತಕಗಳನ್ನು ಹೊತ್ತು ತಂದುದುಂಟು. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಖಾಡಿಯ ಆಚೆಗೆ ಕಟ್ಟಿದ ನವಿ ಮುಂಬಯಿಯಲ್ಲಿಯೂ ಒಂದೊಂದು ಸೆಕ್ಟರಿನವರು ತಮ್ಮ ತಮ್ಮ ವಾಚನಾಲಯ, ವಿದ್ಯಾರ್ಥಿಗಳ ಅಭ್ಯಾಸಿಕೆಗಳಿಗಾಗಿ ಜಾಗ ಹುಡುಕಿಕೊಂಡಿದ್ದಾರೆ.

ಇನ್ನು ಹೊಟ್ಟೆಪಾಡಿಗಾಗಿ ಇತ್ತ ಬಂದ ಕನ್ನಡಿಗರ ಮಾತು. ಸಂಘ ಕಟ್ಟಿದಲ್ಲೆಲ್ಲ ಅವರು ಮೊದಲು ಕೊಳ್ಳುವ ಸಾಮಾನುಗಳಲ್ಲಿ ಪುಸ್ತಕದ ಕಬ್ಬಿಣದ ಕಪಾಟು ಒಂದು. ಸಂಘಕ್ಕೆ ಇರುವುದು ಬಹುಮಟ್ಟಿಗೆ ಒಂದೇ ಸಭಾಗೃಹ. ಬೆಳಿಗ್ಗೆ ಅದು ವಾಚನಾಲಯ, ಸಂಜೆ ಭಜನೆಯ ಸ್ಥಳ, ಶನಿವಾರ ರಾತ್ರಿ ತಾಳಮದ್ದಳೆಯ ಚಾವಡಿ. ವರ್ಷಕ್ಕೆ ಒಂದೆರಡು ಭಾನುವಾರ ಅದೇ ಸಭಾಗೃಹ ರಕ್ತದಾನ ಶಿಬಿರವೂ ಆರೋಗ್ಯ ತಪಾಸಣಾ ಶಿಬಿರವೂ ಆಗುತ್ತದೆ. ಈ ಲೇಖನದ ವಿಷಯ ಹುಟ್ಟುವುದು ಮುಖ್ಯವಾಗಿ ಇಂತಹ ಒಂದು ಭಾನುವಾರದ ಮರುದಿನ ಬೆಳಿಗ್ಗೆ.

ಸೋಮವಾರದ ಕಸ

ಶಿಬಿರವು ಯಶಸ್ವಿಯಾಗಿ ಜರುಗಿದೆ. ನೂರಾರು ಮಂದಿ ಬೆರಳು ಚುಚ್ಚಿಸಿಕೊಂಡು ಸಕ್ಕರೆಯ ಪ್ರಮಾಣ ತಿಳಿದುಕೊಂಡಿದ್ದಾರೆ. ವೈದ್ಯರಿಗೆ ಶಾಲು ಹೊದಿಸಿ ಫಲಪುಷ್ಪ ನೀಡಲಾಗಿದೆ, ವಂದನಾರ್ಪಣೆ ಆಗಿದೆ, ಭಾವಚಿತ್ರ ಪತ್ರಿಕೆಗೆ ಹೋಗಿದೆ. ಸೋಮವಾರ ಏಳು ಗಂಟೆಗೆ ಬೀಗ ತೆಗೆದು ಒಳಗೆ ಬರುವವಳು ಕಸ ಗುಡಿಸುವ ಬಾಯಿ. ಮೇಜಿನ ಕೆಳಗೆ ಚಹಾದ ಕಾಗದದ ಲೋಟಗಳು, ಬಿಸ್ಕೀಟಿನ ಹಾಳೆಗಳು, ಹತ್ತಿಯ ಉಂಡೆಗಳು. ಅವುಗಳ ನಡುವೆ ಬೆರಳು ಚುಚ್ಚುವ ಪುಟ್ಟ ಸೂಜಿಗಳು. ಲ್ಯಾನ್ಸೆಟ್ ಎಂದು ಇವಕ್ಕೆ ಹೆಸರು. ಬುಟ್ಟಿ ತುಂಬಿ ಚೆಲ್ಲುವಂತಿರುವಾಗ ಅದನ್ನು ಅಂಗೈಯಿಂದ ಒತ್ತಿ ಕೆಳಗಿಳಿಸುವುದು ಎಲ್ಲರ ಅಭ್ಯಾಸ. ಅವಳೂ ಒತ್ತುತ್ತಾಳೆ. ಬೆರಳ ತುದಿಯಲ್ಲಿ ಒಂದು ಹನಿ ರಕ್ತ ಮೂಡುತ್ತದೆ.

ಅವಳು ಯಾರಿಗಾದರೂ ಹೇಳಿದರೆ ಬರುವ ಸಲಹೆ ಎಲ್ಲರಿಗೂ ಗೊತ್ತಿರುವುದೇ: ಅಷ್ಟೇ ತಾನೆ, ಸ್ವಲ್ಪ ಅರಿಶಿನ ಹಚ್ಚಿ. ಸಾಮಾನ್ಯವಾಗಿ ಅವಳು ಹೇಳುವುದೂ ಇಲ್ಲ. ಇನ್ನೂ ನಾಲ್ಕು ಮನೆಗಳ ಕೆಲಸ ಬಾಕಿಯಿದೆ.

ಗ್ರಂಥಾಲಯದ ಸಿಬ್ಬಂದಿಯೆಂದರೆ ಇಲ್ಲಿ ಯಾರು ಎಂಬುದನ್ನು ಮೊದಲು ಅರಿಯಬೇಕು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ತೆರಿಗೆಯ ಮೇಲೆ ಕರ ವಿಧಿಸಿ, ಸರಕಾರದ ಇಲಾಖೆಯ ಮೂಲಕವೇ ಗ್ರಂಥಾಲಯ ನಡೆಸುವ ಪದ್ಧತಿ ಬಂದಿತು. ಮಹಾರಾಷ್ಟ್ರದ 1967ರ ಕಾಯಿದೆಯ ದಾರಿ ಬೇರೆ. ಇಲ್ಲಿ ಜನರೇ ಸಂಸ್ಥೆ ಕಟ್ಟಿ ವಾಚನಾಲಯ ನಡೆಸುತ್ತಾರೆ. ಸರಕಾರ ಅದನ್ನು ಅ, ಬ, ಕ, ಡ ಎಂದು ವರ್ಗೀಕರಿಸಿ ಅನುದಾನ ಕೊಡುತ್ತದೆ. ಹೀಗೆ ನಡೆಯುವ ಗ್ರಂಥಾಲಯಗಳು ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಚಿಕ್ಕ ವರ್ಗದ ವಾಚನಾಲಯದಲ್ಲಿ ಗ್ರಂಥಪಾಲರೊಬ್ಬರು, ಹೆಚ್ಚೆಂದರೆ ಒಬ್ಬ ಶಿಪಾಯಿ, ದಿನಕ್ಕೊಂದು ಗಂಟೆ ಬಂದು ಹೋಗುವ ಬಾಯಿ, ಇಷ್ಟೇ ಜನ. ಸಂಬಳ ಅಲ್ಪ, ಬಾಯಿಯ ಹೆಸರು ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ, ‘ಸ್ವಚ್ಛತಾ ವೆಚ್ಚ’ವೆಂಬ ಲೆಕ್ಕದ ಬಾಬಿನಲ್ಲಿ ಅಡಗಿರುತ್ತದೆ. ಕಪಾಟುಗಳಿಗೆ ಅಗ್ನಿವಿಮೆ ಇರುವ ಸಂಸ್ಥೆಗಳಲ್ಲಿಯೂ ಈ ಬಾಬಿನ ಹಿಂದಿರುವ ಕೈಬೆರಳುಗಳಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ರಕ್ತದಲ್ಲಿ ಸಾಗಿಬರುವ ಮೂರು ರೋಗಗಳು

ರಕ್ತದ ಮೂಲಕ ಹರಡುವ ರೋಗಗಳು ಹಲವಿದ್ದರೂ ಇಲ್ಲಿ ಗಮನಿಸಬೇಕಾದವು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್.ಐ.ವಿ. ಮೊದಲಿನೆರಡು ಯಕೃತ್ತನ್ನು ಹಿಡಿಯುವಂತಹವು. ಜನಸಾಮಾನ್ಯರು ಕಾಮಾಲೆಯೆಂದು ಕರೆಯುವ ಲಕ್ಷಣ ಇವುಗಳಲ್ಲಿ ಕಾಣಿಸಿಕೊಳ್ಳಬಹುದು, ಕಾಣಿಸದೆಯೂ ಇರಬಹುದು. ಕಲುಷಿತ ನೀರಿನಿಂದ ಬರುವ ಕಾಮಾಲೆ ಬೇರೆ, ಇದು ಬೇರೆ.

ಅಮೆರಿಕದ ವಿಜ್ಞಾನಿ ಬರೂಖ್ ಬ್ಲೂಂಬರ್ಗ್ ಅವರು 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪದಾರ್ಥವನ್ನು ಕಂಡರು. ಹೆಪಟೈಟಿಸ್ ಬಿ ರೋಗದ ಗುಟ್ಟು ಬಯಲಾದುದು ಅದರ ಮೂಲಕವೇ. ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿದುದು 1989ರಲ್ಲಿ. ಅದಕ್ಕೆ ಸಂಬಂಧಿಸಿದ ನೊಬೆಲ್ ಬಂದುದು 2020ರಲ್ಲಿ. ಎಚ್.ಐ.ವಿ. ಭಾರತದಲ್ಲಿ ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ.

ಮೂರರಲ್ಲಿ ಜನ ಹೆಚ್ಚು ಹೆದರುವುದು ಎಚ್.ಐ.ವಿ.ಗೆ. ಸೂಜಿಯ ಲೆಕ್ಕ ಮಾತ್ರ ತಿರುಗುಮುರುಗಾಗಿದೆ. ಸೋಂಕುಳ್ಳವರ ರಕ್ತವಿರುವ ಸೂಜಿ ಆಸ್ಪತ್ರೆಯ ಕೆಲಸದವರಿಗೆ ಚುಚ್ಚಿದಾಗ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಹೆಪಟೈಟಿಸ್ ಸಿ ತಗಲುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವೋ ನೂರಕ್ಕೆ ಆರರಿಂದ ಮೂವತ್ತರವರೆಗೆ. ಅದೂ ಅಲ್ಲದೆ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಜೀವ ಹಿಡಿದುಕೊಂಡು ಇರಬಲ್ಲದು; ಎಚ್.ಐ.ವಿ.ಗೆ ಹೊರಗಿನ ಗಾಳಿಯಲ್ಲಿ ಅಂತಹ ತಾಳಿಕೆಯಿಲ್ಲ.

ಈ ಅಂಕಿಗಳು ಆಸ್ಪತ್ರೆಯವು. ಸೋಂಕು ಇದೆಯೆಂದು ಗೊತ್ತಿದ್ದ ರೋಗಿಯ ಹಸಿ ರಕ್ತದವು. ವಾಚನಾಲಯದ ಬುಟ್ಟಿಯಲ್ಲಿ ಸಿಗುವ ಸೂಜಿ ಯಾರದೋ, ಎಂದಿನದೋ. ಭಾರತದಲ್ಲಿ ಹೆಪಟೈಟಿಸ್ ಬಿ ಸೋಂಕು ನೂರು ಮಂದಿಯಲ್ಲಿ ಒಬ್ಬರಿಂದ ನಾಲ್ವರವರೆಗೆ ಇದೆಯೆಂದು ಬೇರೆ ಬೇರೆ ಅಂದಾಜುಗಳು ಹೇಳಿವೆ. ಆದುದರಿಂದ ಗ್ರಂಥಾಲಯದಲ್ಲಿ ಒಂದು ಬಾರಿ ಸೂಜಿ ಚುಚ್ಚಿದರೆ ರೋಗ ಬರುವ ಸಂಭವ ಬಹಳ ಕಡಿಮೆಯೆಂದೇ ಹೇಳಬೇಕು. ಬ್ಯಾಂಕಿನ ತಿಜೋರಿಗೆ ಕನ್ನ ಬೀಳುವ ಸಂಭವವೂ ಕಡಿಮೆಯೇ. ಆ ಕಾರಣಕ್ಕಾಗಿ ಯಾರೂ ಎರಡನೆಯ ಕೀಲಿಕೈಯನ್ನು ಕೈಬಿಟ್ಟಿಲ್ಲ.

ಹೆದರಬೇಕಾದುದು ಪುಸ್ತಕಕ್ಕಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅಪಾಯವೆಂಬ ಪದ ಕೇಳಿದೊಡನೆ ತಪ್ಪು ದಿಕ್ಕಿಗೆ ಓಡುವುದು ಜನರ ಸ್ವಭಾವ. ಅಮೆರಿಕದ ಒಮಾಹಾ ನಗರದ ಗ್ರಂಥಪಾಲಕಿ ಜೆಸ್ಸಿ ಆಲನ್ ಅವರು 1895ರಲ್ಲಿ ಕ್ಷಯದಿಂದ ತೀರಿಕೊಂಡಾಗ, ರೋಗ ಅವರಿಗೆ ಪುಸ್ತಕಗಳಿಂದಲೇ ಬಂದಿರಬೇಕೆಂಬ ಗುಲ್ಲು ಹಬ್ಬಿತು. ಆ ಕಾಲದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಎರವಲು ಪುಸ್ತಕದ ಭಯವೇ ಒಂದು ಪಿಡುಗಾಗಿ, ಎಷ್ಟೋ ಗ್ರಂಥಾಲಯಗಳು ಪುಸ್ತಕಗಳಿಗೆ ಹಬೆ, ಔಷಧಿಯ ಹೊಗೆ ಕೊಡತೊಡಗಿದವು. ಕೆಲವೆಡೆ ಸಾಂಕ್ರಾಮಿಕ ರೋಗವಿದ್ದ ಮನೆಯ ಪುಸ್ತಕಗಳನ್ನು ಸುಟ್ಟರು. ಭಯ ತಾನಾಗಿಯೇ ಇಳಿಯಲು ಇಪ್ಪತ್ತು ವರ್ಷಗಳಾದರೂ ಹಿಡಿದವು. ಆ ಗದ್ದಲದಿಂದ ಹಾಳಾದುದು ಪುಸ್ತಕಗಳು ಮಾತ್ರ.

ರಕ್ತದ ರೋಗಗಳಾದರೂ ಅಷ್ಟೆ. ಪುಸ್ತಕದ ಪುಟ ಮಗುಚುವುದರಿಂದ, ಒಂದೇ ಬೆಂಚಿನ ಮೇಲೆ ಕೂಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಸೊಳ್ಳೆ ಕಚ್ಚುವುದರಿಂದ ಇವು ಬರುವುದಿಲ್ಲ. ಸೋಂಕುಳ್ಳ ರಕ್ತವು ಇನ್ನೊಬ್ಬರ ರಕ್ತವನ್ನು ಸೇರಲು ಚುಚ್ಚುವ ಅಥವಾ ಕೊಯ್ಯುವ ವಸ್ತುವೊಂದು ಬೇಕು. ಇಲ್ಲವೇ ತೆರೆದ ಗಾಯದ ಮೇಲೆ, ಕಣ್ಣಿನಲ್ಲಿ, ಬಾಯಿಯಲ್ಲಿ ಹಸಿ ರಕ್ತ ಸಿಡಿಯಬೇಕು. ಹೀಗಿರುವಾಗ ಸದಸ್ಯತ್ವದ ಅರ್ಜಿಯಲ್ಲಿ ರೋಗದ ಬಗ್ಗೆ ಕೇಳುವುದು, ಇಂತಹವರು ಬರಬಾರದೆಂದು ಗುಸುಗುಸು ಮಾಡುವುದು ವ್ಯರ್ಥ ಮಾತ್ರವಲ್ಲ, ಅನ್ಯಾಯ. ಎಚ್.ಐ.ವಿ. ಉಳ್ಳವರ ವಿರುದ್ಧ ಭೇದಭಾವ ಮಾಡುವುದನ್ನು 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಕಾಯಿದೆಯು ನಿಷೇಧಿಸಿದೆ. ಯಾರಿಗೆ ಸೋಂಕಿದೆಯೆಂದು ಹುಡುಕುವುದರ ಬದಲು ಎಲ್ಲರ ರಕ್ತವನ್ನೂ ಸೋಂಕಿದ್ದಂತೆಯೇ ಎಚ್ಚರದಿಂದ ಮುಟ್ಟುವುದು ವೈದ್ಯಶಾಸ್ತ್ರ ಒಪ್ಪಿದ ಕ್ರಮ. ಅಧ್ಯಕ್ಷರ ಮೊಮ್ಮಗನ ಮೂಗಿನ ರಕ್ತಕ್ಕೂ ಅದೇ ನಿಯಮ.

ಚುಚ್ಚುವ, ಕೊಯ್ಯುವ ವಸ್ತುಗಳೇ ಇಲ್ಲಿ ಮುಖ್ಯವೆಂದಾಯಿತು. ಅವು ವಾಚನಾಲಯದಲ್ಲಿ ಎಲ್ಲೆಲ್ಲಿ ಸಿಗುತ್ತವೆ? ಶೌಚಾಲಯದ ಬುಟ್ಟಿಯಲ್ಲಿ ಇನ್ಸುಲಿನ್ ಸೂಜಿ, ಗಡ್ಡದ ಬ್ಲೇಡು. ರಾತ್ರಿಯವರೆಗೆ ತೆರೆದಿರುವ ಅಭ್ಯಾಸಿಕೆಗಳಲ್ಲಿ ಪೆನ್ಸಿಲ್ ಹೆರೆಯುವ ಬ್ಲೇಡು. ದಾನವಾಗಿ ಬಂದ ಹಳೆಯ ಪುಸ್ತಕಗಳ ಒಳಗೆ ಗುರುತಿಗೆಂದು ಇಟ್ಟ ಅರ್ಧ ಬ್ಲೇಡು, ತುಕ್ಕು ಹಿಡಿದ ಟಾಚಣಿ. ರಟ್ಟು ಕಟ್ಟುವವನ ದಬ್ಬಣ ಮತ್ತು ಕತ್ತಿ. ಒಬ್ಬನ ಕೈ ಕೊಯ್ದ ಕತ್ತಿಯನ್ನು ಒರೆಸದೆ ಇನ್ನೊಬ್ಬ ಹಿಡಿಯುವುದುಂಟು. ದಾನದ ಪುಸ್ತಕಗಳನ್ನು ವಿಂಗಡಿಸುವಾಗ ಪುಟಗಳ ನಡುವೆ ಬೆರಳು ತೂರಿಸದೆ, ಬೆನ್ನು ಹಿಡಿದು ತಲೆಕೆಳಗಾಗಿ ಮೇಜಿನ ಮೇಲೆ ಕೊಡವಿದರೆ ಒಳಗಿರುವುದು ತಾನಾಗಿ ಬೀಳುತ್ತದೆ. ಕೆಲವೊಮ್ಮೆ ಬ್ಲೇಡಿನ ಬದಲು ಹಳೆಯ ಐದು ರೂಪಾಯಿ ನೋಟೂ ಬೀಳುವುದರಿಂದ ಈ ಅಭ್ಯಾಸವನ್ನು ಕಲಿಸುವುದು ಕಷ್ಟವಲ್ಲ.

ಶಿಬಿರ ನಡೆಸುವವರ ಹೊಣೆ

ಎಲ್ಲಕ್ಕಿಂತ ದೊಡ್ಡ ಮೂಲ ಮಾತ್ರ ಸಂಘದವರೇ ಕರೆಸಿದ ಶಿಬಿರ. ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆಯೆಂಬುದು ಬಹಳ ಮಂದಿ ಕಾರ್ಯಕರ್ತರಿಗೆ ತಿಳಿಯದು. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ದೇಶದಲ್ಲಿ ಮೊದಲು ಬಂದುದು 1998ರಲ್ಲಿ. 2016ರಲ್ಲಿ ಅವುಗಳನ್ನು ಹೊಸದಾಗಿ ರಚಿಸಿದಾಗ ಆಸ್ಪತ್ರೆಗಳ ಜೊತೆಗೆ ಆರೋಗ್ಯ ಶಿಬಿರ, ಲಸಿಕಾ ಶಿಬಿರ, ರಕ್ತದಾನ ಶಿಬಿರಗಳನ್ನೂ ಹೆಸರಿಸಿಯೇ ಸೇರಿಸಲಾಯಿತು. ಸೂಜಿ, ಬ್ಲೇಡು ಮುಂತಾದ ಚೂಪಾದ ವಸ್ತುಗಳನ್ನು ಚುಚ್ಚಿದರೆ ತೂತಾಗದ, ಒಮ್ಮೆ ಮುಚ್ಚಿದರೆ ಗುಟ್ಟಾಗಿ ತೆರೆಯಲಾಗದ ಬಿಳಿಯ ಅರೆಪಾರದರ್ಶಕ ಡಬ್ಬಿಯಲ್ಲಿಯೇ ಹಾಕಬೇಕು. ರಕ್ತ ತಗಲಿದ ಹತ್ತಿ, ಪಟ್ಟಿಗಳು ಹಳದಿ ಚೀಲಕ್ಕೆ. ಇವು ಪುರಸಭೆಯ ಕಸದ ಗಾಡಿಗೆ ಹೋಗುವಂತಿಲ್ಲ.

ಇದರ ಹಿಂದೆ ಕಹಿ ಅನುಭವವಿದೆ. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಮಂದಿ ಸತ್ತರು. ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದುದು ಅದಕ್ಕೆ ಕಾರಣವೆಂದು ಕಂಡುಬಂತು. ಎಸೆದ ಸೂಜಿ ಎಸೆದಲ್ಲಿಯೇ ಬಿದ್ದಿರುವುದಿಲ್ಲ. ಕಸ ಆಯುವವರ ಕೈಗೆ, ಅಲ್ಲಿಂದ ಗುಜರಿಗೆ, ಅಲ್ಲಿಂದ ಇನ್ನೆಲ್ಲಿಗೋ ಸಾಗುತ್ತದೆ.

ಶಿಬಿರಕ್ಕೆ ಬರುವ ಆಸ್ಪತ್ರೆ ಅಥವಾ ರಕ್ತನಿಧಿಯವರು ತಮ್ಮ ತ್ಯಾಜ್ಯವನ್ನು ತಾವೇ ತೆಗೆದುಕೊಂಡು ಹೋಗತಕ್ಕದ್ದೆಂಬ ಒಂದು ಸಾಲನ್ನು ಆಮಂತ್ರಣ ಪತ್ರದಲ್ಲಿಯೇ ಬರೆದುಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಗೌರವ ಕಾರ್ಯದರ್ಶಿಗಳದು. ಶಿಬಿರದ ತಂಡ ಹೊರಡುವ ಮುನ್ನ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ, ನೆಲದ ಮೇಲೆ ಒಂದು ಸೂಜಿಯೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಾರ ಹಾಕಬೇಕು. ವಂದನಾರ್ಪಣೆ ಹತ್ತು ನಿಮಿಷ ತಡವಾದರೆ ನಷ್ಟವಿಲ್ಲ.

ಶಿಬಿರವಿಲ್ಲದ ದಿನಗಳಲ್ಲಿ ಶೌಚಾಲಯದ ಹತ್ತಿರ ಗಟ್ಟಿ ಪ್ಲಾಸ್ಟಿಕ್ಕಿನ, ತಿರುಪಿನ ಮುಚ್ಚಳವುಳ್ಳ ಒಂದು ಡಬ್ಬಿಯನ್ನು ಗೋಡೆಗೆ ಭದ್ರಪಡಿಸಿ, ಸೂಜಿ ಮತ್ತು ಬ್ಲೇಡುಗಳನ್ನು ಇದರಲ್ಲಿಯೇ ಹಾಕಬೇಕೆಂದು ಬರೆದಿಡಬಹುದು. ಘನತ್ಯಾಜ್ಯದ ಬಗ್ಗೆ 2016ರಲ್ಲಿ ಬಂದ ನಿಯಮಗಳು ಮನೆಗಳಿಂದ ಹೊರಬೀಳುವ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಕಸವೆಂದೇ ಎಣಿಸಿ ಪ್ರತ್ಯೇಕವಾಗಿಡುವಂತೆ ಹೇಳಿದವು. ಡಬ್ಬಿ ಮುಕ್ಕಾಲು ತುಂಬಿದ ಮೇಲೆ ಹತ್ತಿರದ ವೈದ್ಯರ ಮೂಲಕ ಅವರ ತ್ಯಾಜ್ಯದೊಡನೆ ಕಳಿಸುವ ಏರ್ಪಾಡು ಮಾಡಿಕೊಳ್ಳಬಹುದು. ಸಂಘದಲ್ಲಿ ಒಬ್ಬರಾದರೂ ಡಾಕ್ಟರು ಸದಸ್ಯರಿರುತ್ತಾರೆ. ಬಾಯಿಗೆ ದಪ್ಪ ರಬ್ಬರಿನ ಕೈಗವಸು, ಉದ್ದನೆಯ ಹಿಡಿಯ ಕಸದ ಮರ, ಒಂದು ಇಕ್ಕಳ ಕೊಡಬೇಕು. ಕೈಗವಸು ಸೂಜಿಯನ್ನು ತಡೆಯಲಾರದು, ರಕ್ತವನ್ನಷ್ಟೇ ತಡೆದೀತು. ಆದುದರಿಂದ ಬುಟ್ಟಿಯನ್ನು ಒತ್ತಕೂಡದು. ಒಳಗಿನ ಚೀಲವನ್ನು ಕೊರಳು ಹಿಡಿದು ಎತ್ತಿ, ಕಾಲಿಗೆ ತಗಲದಂತೆ ಒಯ್ಯಬೇಕು.

ಮೂರು ಚುಚ್ಚುಮದ್ದುಗಳ ಲೆಕ್ಕ

ಮೂರರಲ್ಲಿ ಹೆಚ್ಚು ಸುಲಭವಾಗಿ ತಗಲುವ ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಅಮೆರಿಕದಲ್ಲಿ ಅದು ಮೊದಲು ಮಂಜೂರಾದುದು 1981ರಲ್ಲಿ. ತಳಿ ತಂತ್ರಜ್ಞಾನದಿಂದ ತಯಾರಾದ ಲಸಿಕೆ 1986ರಲ್ಲಿ ಬಂದಿತು. ಭಾರತಕ್ಕೆ ಅದು ಬಹುಕಾಲ ಆಮದು ಸರಕಾಗಿ, ಸಾಮಾನ್ಯರ ಕೈಗೆಟುಕದಂತೆ ಇತ್ತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ಸ್ವದೇಶೀ ಲಸಿಕೆಯನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಕುಸಿಯಿತು. ಸರಕಾರವು 2002ರ ಸುಮಾರಿಗೆ ಕೆಲವು ಜಿಲ್ಲೆ, ನಗರಗಳಲ್ಲಿ ಶಿಶುಗಳಿಗೆ ಇದನ್ನು ಕೊಡಲಾರಂಭಿಸಿ, 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಇದರ ಅರ್ಥವನ್ನು ಗಮನಿಸಬೇಕು. ಇಂದು ವಾಚನಾಲಯದಲ್ಲಿ ದುಡಿಯುತ್ತಿರುವ ನಡುವಯಸ್ಸಿನ ಶಿಪಾಯಿಗೂ ಬಾಯಿಗೂ ಶೈಶವದಲ್ಲಿ ಈ ಲಸಿಕೆ ಸಿಕ್ಕಿರಲಾರದು. ಅವರ ಮೊಮ್ಮಕ್ಕಳು ಸುರಕ್ಷಿತರು, ಅವರಲ್ಲ.

ಪ್ರಾಪ್ತವಯಸ್ಕರಿಗೆ ಮೂರು ಡೋಸು: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ಆರೋಗ್ಯವಂತ ಯುವಕರು, ನಡುವಯಸ್ಸಿನವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಇದರಿಂದ ಬಹುಕಾಲದ ರಕ್ಷಣೆ ದೊರೆಯುತ್ತದೆ. ಒಬ್ಬ ನೌಕರನ ಮೂರು ಡೋಸುಗಳ ವೆಚ್ಚವು ಇಂತಹ ಒಂದು ಸ್ಮರಣ ಸಂಚಿಕೆಯ ಅರ್ಧ ಪುಟದ ಜಾಹೀರಾತಿನ ದರವನ್ನು ಮೀರಲಾರದು. ಕೋಶಾಧಿಕಾರಿಗಳು ಇದನ್ನು ಯಾವ ಬಾಬಿಗೆ ಹಾಕಬೇಕೆಂದು ತಲೆ ತುರಿಸಿಕೊಳ್ಳುವ ಅವಶ್ಯಕತೆಯಿಲ್ಲ; ‘ಕಟ್ಟಡ ಮತ್ತು ಸಾಮಾನುಗಳ ರಕ್ಷಣೆ’ಯ ಪಕ್ಕದಲ್ಲಿ ‘ಸಿಬ್ಬಂದಿಯ ರಕ್ಷಣೆ’ ಎಂಬ ಒಂದು ಹೊಸ ಸಾಲು ಸಾಕು.

ಅಮೆರಿಕವು 1991ರಲ್ಲಿಯೇ ಇದನ್ನು ಕಾನೂನಿನ ಬಲದಿಂದ ಮಾಡಿಸಿತು. ಅಲ್ಲಿಯ ನಿಯಮದಂತೆ, ಕೆಲಸದಲ್ಲಿ ರಕ್ತದ ಸಂಪರ್ಕ ಒದಗಬಹುದೆಂದು ನಿರೀಕ್ಷೆಯಿರುವ ನೌಕರನಿಗೆ ಆ ಕೆಲಸಕ್ಕೆ ಹಚ್ಚಿದ ಹತ್ತು ದುಡಿಮೆಯ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಮಾಲಿಕನೇ ಪುಕ್ಕಟೆಯಾಗಿ ಒದಗಿಸತಕ್ಕದ್ದು. ಬೇಡವೆಂದರೆ ಅದನ್ನು ಬರಹದಲ್ಲಿ ಪಡೆಯತಕ್ಕದ್ದು. ಪ್ರಥಮ ಚಿಕಿತ್ಸೆಗೆಂದು ನೇಮಿಸಲ್ಪಟ್ಟವರೂ ಇದರೊಳಗೆ ಬಂದರು. ಕರುಣೆಯಿಂದ ತಾವಾಗಿ ಮುಂದೆ ಬಂದು ರಕ್ತ ಒರೆಸಿದ ಸಹೋದ್ಯೋಗಿ ಮಾತ್ರ ಅದರಿಂದ ಹೊರಗುಳಿದನೆಂಬುದು ಆ ನಿಯಮದ ಒಂದು ವಿಚಿತ್ರ. ಕೆಲಸಗಳನ್ನು ಹಂಚುವಾಗಲೇ ಯಾರ ಕೈ ಎಲ್ಲಿಗೆ ಹೋಗುತ್ತದೆಂದು ಯೋಚಿಸುವ ಪದ್ಧತಿ ಅಲ್ಲಿಯ ಎಷ್ಟೋ ಗ್ರಂಥಾಲಯಗಳಿಗೆ ಇದರಿಂದ ಬಂದಿತು. ಮುಂದೆ ಮಾದಕ ವಸ್ತುಗಳ ಹಾವಳಿ ಹೆಚ್ಚಿದಾಗ, 2017ರಲ್ಲಿ, ಫಿಲಡೆಲ್ಫಿಯಾ ನಗರದ ಮ್ಯಾಕ್‌ಫರ್ಸನ್ ಸ್ಕ್ವೇರ್ ಗ್ರಂಥಾಲಯದ ಸಿಬ್ಬಂದಿಯವರು ಉದ್ಯಾನದಲ್ಲಿ ಬಿದ್ದ ಸೂಜಿಗಳ ನಡುವೆ, ಪ್ರಜ್ಞೆ ತಪ್ಪಿದವರನ್ನು ಔಷಧಿ ಕೊಟ್ಟು ಬದುಕಿಸುವ ಸ್ಥಿತಿ ಬಂದಿತು. ಠಾಣೆ, ಡೊಂಬಿವಲಿಗಳ ವಾಚನಾಲಯಗಳಿಗೆ ಆ ಚಿತ್ರ ಒಪ್ಪುವುದಿಲ್ಲ. ಇಲ್ಲಿಯ ಸೂಜಿ ಬಹುಪಾಲು ಮಧುಮೇಹದ್ದು, ಶಿಬಿರದ್ದು.

ಚುಚ್ಚಿಯೇ ಬಿಟ್ಟರೆ

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು. ಹಿಂಡಿ ರಕ್ತ ತೆಗೆಯಬಾರದು, ಬೆರಳನ್ನು ಬಾಯಿಗಿಟ್ಟು ಚೀಪಬಾರದು. ಸ್ಪಿರಿಟ್ಟು, ಬ್ಲೀಚಿಂಗ್ ದ್ರಾವಣ, ಅರಿಶಿನ, ಸುಣ್ಣ ಯಾವುದೂ ಬೇಡ. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರು. ಆಮೇಲೆ ಆಸ್ಪತ್ರೆ, ಅದೂ ಆ ದಿನವೇ. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ವೈದ್ಯರು ಅಗತ್ಯವೆಂದು ಕಂಡರೆ ಕೊಡುತ್ತಾರೆ. ಅವನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆಗಳು ಕಳೆದರೆ ಪ್ರಯೋಜನವಿಲ್ಲ, ಆರಂಭಿಸಿದರೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಬಾಯಿ ನಾಲ್ಕು ಮನೆ ಕೆಲಸ ಮುಗಿಸಿ, ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳುವಂತಾದರೆ ಏನಾಗುತ್ತದೆಂಬುದನ್ನು ಈ ಲೆಕ್ಕದಿಂದಲೇ ತಿಳಿಯಬಹುದು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನು ಆಗಲೇ ಆರಂಭಿಸಬಹುದು. ಸಂದರ್ಭ ನೋಡಿ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೊಡುತ್ತಾರೆ, ಸಾಧ್ಯವಾದರೆ 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಮುನ್ನೆಚ್ಚರಿಕೆಯ ಮಾತ್ರೆಯಿಲ್ಲ. ಆದರೆ ಅದನ್ನು ಗುಣಪಡಿಸುವ ಮಾತ್ರೆಗಳಿವೆ. ಹೆಚ್ಚಿನವರಿಗೆ ಹನ್ನೆರಡು ವಾರದ ಚಿಕಿತ್ಸೆ ಸಾಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಪರೀಕ್ಷೆ, ಔಷಧಗಳನ್ನು ಸರಕಾರೀ ಕೇಂದ್ರಗಳಲ್ಲಿ ಉಚಿತವಾಗಿಸಿತು. ಪರೀಕ್ಷೆಗೆ ಒಂದೇ ಬಾರಿ ಹೋದರೆ ಸಾಲದು. ವೈದ್ಯರು ಹೇಳಿದ ವಾರ, ತಿಂಗಳುಗಳಲ್ಲಿ ಮತ್ತೆ ರಕ್ತ ಕೊಡಬೇಕು.

ಯಾವ ಆಸ್ಪತ್ರೆ ಎಂಬುದನ್ನು ಗಾಯವಾದ ಮೇಲೆ ವಿಚಾರಿಸುತ್ತ ಕೂಡಬಾರದು. ಠಾಣೆಯವರು ಸಿವಿಲ್ ಆಸ್ಪತ್ರೆ ಅಥವಾ ಕಳವೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ, ಕಲ್ಯಾಣದವರು ರುಕ್ಮಿಣೀಬಾಯಿ ಆಸ್ಪತ್ರೆಯಲ್ಲಿ, ಡೊಂಬಿವಲಿಯವರು ಶಾಸ್ತ್ರಿನಗರದ ಆಸ್ಪತ್ರೆಯಲ್ಲಿ, ನವಿ ಮುಂಬಯಿಯವರು ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಮೊದಲೇ ಹೋಗಿ ಕೇಳಿ, ಈ ಮಾತ್ರೆಗಳು ಯಾವ ವಿಭಾಗದಲ್ಲಿ, ರಾತ್ರಿಯ ಹೊತ್ತಿನಲ್ಲಿಯೂ ಸಿಗುತ್ತವೆಯೇ, ಇಲ್ಲವಾದರೆ ಎಲ್ಲಿಗೆ ಹೋಗಬೇಕು ಎಂದು ಬರೆದುಕೊಂಡು ಬರಬೇಕು. ಎಚ್.ಐ.ವಿ. ಬಗ್ಗೆ ವಿಚಾರಿಸಲು 1097 ಎಂಬ ಉಚಿತ ದೂರವಾಣಿಯಿದೆ. ಇವೆಲ್ಲವನ್ನೂ ಒಂದು ರಟ್ಟಿನ ಮೇಲೆ ಬರೆದು ಪೊರಕೆ ಇಡುವ ಮೂಲೆಯಲ್ಲಿ ತೂಗುಹಾಕಬೇಕು, ಮರಾಠಿಯಲ್ಲಿ ಬರೆಯಬೇಕು. ಕನ್ನಡದ ಫಲಕದ ಮೇಲಿನ ಅಭಿಮಾನ ಸ್ತುತ್ಯವೇ ಆದರೂ ಕಸ ಗುಡಿಸುವ ಬಾಯಿಗೆ ಕನ್ನಡ ಬಾರದು. ಓದಲು ಬಾರದವಳಿದ್ದರೆ ಗ್ರಂಥಪಾಲರು ಓದಿ ಹೇಳಬೇಕು.

ನೆಲದ ಮೇಲೆ ರಕ್ತ ಬಿದ್ದರೆ ಕೈಗವಸು ತೊಟ್ಟು, ಹಳೆಯ ವೃತ್ತಪತ್ರಿಕೆಯಿಂದ ಮುಚ್ಚಿ, ಅದರ ಮೇಲೆ ಶೇಕಡಾ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ನೆನೆಯುವಷ್ಟು ಸುರಿಯಬೇಕು. ಸೀಸೆಯ ಮೇಲೆ ಶೇಕಡಾ 5 ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬೆರೆಸಿದ ದ್ರಾವಣ ಆ ದಿನಕ್ಕಷ್ಟೇ. ಹತ್ತರಿಂದ ಇಪ್ಪತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಇದರೊಡನೆ ಎಂದಿಗೂ ಸೇರಿಸಕೂಡದು, ವಿಷಾನಿಲ ಹೊಮ್ಮುತ್ತದೆ. ಪುಸ್ತಕದ ಪುಟಕ್ಕೆ ರಕ್ತ ತಗಲಿದರೆ ಈ ದ್ರಾವಣ ಹಾಕಿದಲ್ಲಿ ಅಕ್ಷರವೂ ಉಳಿಯದು, ಕಾಗದವೂ ಉಳಿಯದು. ಸುಲಭವಾಗಿ ಸಿಗುವ ಪುಸ್ತಕವಾದರೆ ರದ್ದುಪಡಿಸಿ ಹೊಸ ಪ್ರತಿ ಕೊಳ್ಳುವುದೇ ಮೇಲು. ಸಿಗದ ಪುಸ್ತಕವಾದರೆ ಕೈಗವಸು ತೊಟ್ಟು, ಹಸಿಯನ್ನು ಒತ್ತಿ ತೆಗೆದು, ಒಣಗಿಸಿ, ಚೀಲದಲ್ಲಿ ಕಟ್ಟಿ ಕೆಲವು ವಾರ ಬೇರೆಯಾಗಿ ಇಡಬಹುದು.

2017ರ ಕಾಯಿದೆಯು ಸೋಂಕಿನ ಗಣನೀಯ ಅಪಾಯವಿರುವ ಸಂಸ್ಥೆಗಳು ತಮ್ಮ ಕೆಲಸಗಾರರಿಗೆ ರಕ್ಷಣಾ ಸಾಧನ, ತರಬೇತಿ, ಗಾಯದ ನಂತರದ ಚಿಕಿತ್ಸೆ ಒದಗಿಸಬೇಕೆಂದು ಹೇಳಿತು. ವಾಚನಾಲಯವು ಈ ವ್ಯಾಖ್ಯೆಯೊಳಗೆ ಬರುತ್ತದೆಂದು ವಾದಿಸುವುದು ಕಷ್ಟ. ಸಂಘಗಳು ಅದನ್ನು ಕಾನೂನಿನ ಬಲವಂತಕ್ಕಾಗಿ ಮಾಡಬೇಕಾದುದೂ ಅಲ್ಲ. ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಪುಸ್ತಕದ ಮಾತು, ಓದುಗನ ಮಾತು, ಓದುಗನ ಕಾಲವನ್ನು ಉಳಿಸುವ ಮಾತು, ಬೆಳೆಯುವ ಗ್ರಂಥಾಲಯದ ಮಾತು ಆಡಿವೆ. ಅದನ್ನು ಗುಡಿಸುವವರ ಮಾತು ಅವುಗಳಲ್ಲಿ ಬಂದಿಲ್ಲ.

ಗಾಯವಾದುದನ್ನು ಬರೆದಿಡಲು ಒಂದು ಚಿಕ್ಕ ಪುಸ್ತಕವಿರಬೇಕು: ದಿನಾಂಕ, ಸಮಯ, ಯಾವ ವಸ್ತು, ಎಲ್ಲಿ, ಏನು ಮಾಡಲಾಯಿತು. ರಸೀದಿಯಿಲ್ಲದ ವೆಚ್ಚವನ್ನು ಲೆಕ್ಕ ತಪಾಸಣೆಗಾರರು ಒಪ್ಪದಿರುವಂತೆ, ಬರಹವಿಲ್ಲದ ಗಾಯವನ್ನು ಮುಂದೆ ಯಾರೂ ಒಪ್ಪುವುದಿಲ್ಲ. ಪರೀಕ್ಷೆಯ ಫಲಿತಾಂಶ ಮಾತ್ರ ಆ ಪುಸ್ತಕದಲ್ಲಿ ಬರಬಾರದು; ಅದು ಗಾಯಗೊಂಡವರ ಸ್ವಂತ ಸೊತ್ತು, ಕಾರ್ಯಕಾರಿ ಸಮಿತಿಯ ಚರ್ಚೆಯ ವಿಷಯವಲ್ಲ. ಆಸ್ಪತ್ರೆಗೆ ಹೋದ ದಿನದ ಸಂಬಳವನ್ನು ಕಡಿಯಕೂಡದು, ರಿಕ್ಷಾದ ಬಾಡಿಗೆಯನ್ನು ಸಂಸ್ಥೆಯೇ ಕೊಡಬೇಕು. ಲಸಿಕೆಯ ಚೀಟಿಯ ಒಂದು ಪ್ರತಿ ಕಪಾಟಿನಲ್ಲಿರಲಿ. ಮೂಲ ಚೀಟಿ ಬಾಯಿಯ ಕೈಯಲ್ಲಿಯೇ ಇರಬೇಕು. ಮೂರನೆಯ ಡೋಸಿನ ವೇಳೆಗೆ ಅವಳು ಬೇರೆ ಕಡೆ ಕೆಲಸಕ್ಕೆ ಸೇರಿದ್ದರೂ, ಕರೆಸಿ ಅದನ್ನು ಹಾಕಿಸಿ ಕಳಿಸಬೇಕು.